ಕಬ್ಬಿಣಕ್ಕೂ ಒಬ್ಬ ಕಾಂತ



ಕುವೆಂಪುನಗರದ ಶರಣೆಯೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಅವರ ಮನೆಯಲ್ಲಿ ಊಟದ ಹೊತ್ತಿಗೆ ಎದ್ದ ವಾದವೊಂದು ಇತ್ಯರ್ಥವಾಗದೆ ಉಳಿದಿದೆಯಂತೆ. ಮುಂದೊಂದು ಕಾಲಕ್ಕೆ ಯಂತ್ರಮಾನವರಿಗೆ ಅರಿವು ಮೂಡುವುದೆಂದೂ, ಮೂಡಿದ ಮೇಲೆ ಅವು ಒಂದನ್ನೊಂದು ಪ್ರೀತಿಸುವುದನ್ನು ಯಾರೂ ತಡೆಯಲಾರರೆಂದೂ ಇಂಜಿನಿಯರಿಂಗ್ ಓದುತ್ತಿರುವ ಮೊಮ್ಮಗನು ಹೇಳಿದನು. ಅವನ ತಂದೆಯವರು ಇದೆಲ್ಲ ಸಿನಿಮಾದವರ ಹುಚ್ಚೆಂದು ತಳ್ಳಿಹಾಕಿದರು. ಅಜ್ಜಿಯವರು ಮಾತ್ರ ಸುಮ್ಮನಾಗಲಿಲ್ಲ. "ಅರಿವಿಲ್ಲದೆ ಒಲವಿಲ್ಲವೆಂದು ಹಿರಿಯರು ಹೇಳಿದ್ದನ್ನು ಕೇಳಿದ್ದೇವೆ. ಹಾಗಾದರೆ ಅರಿವು ಬಂದಲ್ಲಿ ಒಲವೂ ಬರಲೇಬೇಕೆ?" ಎಂಬುದು ಅವರು ನಮಗೆ ಹಾಕಿರುವ ಪ್ರಶ್ನೆ. ಮೊಮ್ಮಗನ ಮಾತಿಗಿಂತಲೂ ಅಜ್ಜಿಯ ಪ್ರಶ್ನೆ ಗಟ್ಟಿಯಾದುದು. ಇದನ್ನು ಹಾಸ್ಯವೆಂದು ಬಿಡದೆ ಈ ತಿಂಗಳ ಅಂಕಣವನ್ನು ಅದಕ್ಕೇ ಮೀಸಲಿಡುತ್ತಿದ್ದೇವೆ.

ಮೊದಲಿಗೆ ಶಬ್ದದ ವಿಚಾರ. 'ರೋಬೋ' ಎಂದು ಮಕ್ಕಳು ಕರೆಯುವ ಶಬ್ದವು ಇಂಗ್ಲಿಷಿನದಲ್ಲ. ಅದು ಚೆಕ್ ಭಾಷೆಯದು. ಆ ದೇಶದ ನಾಟಕಕಾರ ಕಾರೆಲ್ ಚಾಪೆಕ್ 1920ರಲ್ಲಿ ಬರೆದು, 1921ರಲ್ಲಿ ಪ್ರಾಗ್ ನಗರದ ರಂಗವನ್ನೇರಿದ 'ಆರ್.ಯು.ಆರ್.' ಎಂಬ ನಾಟಕದಿಂದ ಅದು ಲೋಕಕ್ಕೆಲ್ಲ ಹರಡಿತು. ಶಬ್ದವನ್ನು ಸೂಚಿಸಿದವನು ಅವನ ಅಣ್ಣ ಯೋಸೆಫ್. 'ರೊಬೊತ' ಎಂದರೆ ಆ ನಾಡಿನಲ್ಲಿ ಜಮೀನ್ದಾರನಿಗೆ ಒಕ್ಕಲು ಮಕ್ಕಳು ಕೂಲಿಯಿಲ್ಲದೆ ಮಾಡಿಕೊಡಬೇಕಾಗಿದ್ದ ಕಡ್ಡಾಯದ ದುಡಿಮೆ. ಅದು ಅಲ್ಲಿ 1848ರಲ್ಲಿ ರದ್ದಾಯಿತು. ನಮ್ಮಲ್ಲಿ ಇದಕ್ಕೆ ಸರಿಸಮನಾದ ಶಬ್ದವುಂಟು: ಬಿಟ್ಟಿ. ಸಂಸ್ಕೃತದ 'ವಿಷ್ಟಿ'ಯೇ ಕನ್ನಡದಲ್ಲಿ ಬಿಟ್ಟಿಯಾಯಿತು, ನಮ್ಮ ಶಾಸನಗಳಲ್ಲಿಯೂ ಕಾಣುತ್ತದೆ. ಆದುದರಿಂದ 'ರೋಬೋ' ಎಂಬುದಕ್ಕೆ 'ಯಂತ್ರಮಾನವ' ಎಂಬ ಘನವಾದ ಶಬ್ದಕ್ಕಿಂತ 'ಬಿಟ್ಟಿಯಾಳು' ಎಂಬುದೇ ಹತ್ತಿರದ ಅನುವಾದ. ಈ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ತಿಳಿಯುತ್ತದೆ. ಕಾಯಕ ಮಾಡುವವನಿಗೂ ಬಿಟ್ಟಿ ದುಡಿಯುವವನಿಗೂ ಕೆಲಸದಲ್ಲಿ ವ್ಯತ್ಯಾಸವಿರಲಿಕ್ಕಿಲ್ಲ. ವ್ಯತ್ಯಾಸವಿರುವುದು 'ಒಲ್ಲೆ' ಎನ್ನುವ ಸ್ವಾತಂತ್ರ್ಯದಲ್ಲಿ.

ಚಾಪೆಕನ ನಾಟಕದಲ್ಲಿ ಬರುವ ಬಿಟ್ಟಿಯಾಳುಗಳು ಕಬ್ಬಿಣದವುಗಳಲ್ಲ ಎಂಬುದು ಅನೇಕರಿಗೆ ಗೊತ್ತಿಲ್ಲ. ದ್ವೀಪವೊಂದರ ಕಾರ್ಖಾನೆಯಲ್ಲಿ ಜೀವದ್ರವ್ಯವನ್ನು ಕಲಸಿ, ಕರುಳನ್ನೂ ನರವನ್ನೂ ಬೇರೆಬೇರೆಯಾಗಿ ನೆಯ್ದು, ಜೋಡಿಸಿ, ಲಕ್ಷಗಟ್ಟಲೆ ಮಾರುತ್ತಾರೆ. ನೋವು, ಸಂತೋಷ, ಸಾವಿನ ಭಯ ಇವು ಯಾವುವೂ ಅವಕ್ಕಿಲ್ಲ. ಕೆಲಸಕ್ಕೆ ಬೇಡವಾದದ್ದನ್ನು ತಯಾರಕರು ಇಟ್ಟಿಲ್ಲ. ಇಪ್ಪತ್ತು ವರ್ಷಗಳೊಳಗೆ ಅವು ಸವೆದುಹೋಗುತ್ತವೆ. ಮನುಷ್ಯರು ಕೈಕಟ್ಟಿ ಕುಳಿತು ಬದುಕತೊಡಗಿದ ಮೇಲೆ ಅವರಿಗೆ ಮಕ್ಕಳಾಗುವುದೇ ನಿಂತುಹೋಗುತ್ತದೆ. ಆಮೇಲೆ ದಂಗೆ. ಬಿಟ್ಟಿಯಾಳುಗಳು ಮನುಷ್ಯಕುಲವನ್ನೇ ಕೊಲ್ಲುತ್ತವೆ, ಒಬ್ಬನನ್ನು ಬಿಟ್ಟು. ಅವನು ಆಲ್ಕ್ವಿಸ್ಟ್ ಎಂಬ ಮುದುಕ, ಕಟ್ಟಡದ ಕೆಲಸದವನು. ಅವನನ್ನು ಏಕೆ ಉಳಿಸಿದರು? ತಮ್ಮ ಹಾಗೆಯೇ ಇವನೂ ಕೈಯಿಂದ ದುಡಿಯುವವನು ಎಂಬ ಕಾರಣಕ್ಕೆ. ಈ ಒಂದು ಸೂಕ್ಷ್ಮಕ್ಕಾಗಿ ನಾವು ಚಾಪೆಕನಿಗೆ ಶರಣೆನ್ನುತ್ತೇವೆ.

ಆದರೆ ಗೆದ್ದವರಿಗೂ ಗತಿಯಿಲ್ಲ. ತಮ್ಮನ್ನು ತಯಾರಿಸುವ ಸೂತ್ರವನ್ನು ಬರೆದಿದ್ದ ಕಾಗದಗಳು ಸುಟ್ಟುಹೋಗಿವೆ. ಅವುಗಳಿಗೆ ಸಂತಾನವಿಲ್ಲ. ಇನ್ನು ಕೆಲವೇ ವರ್ಷಗಳಲ್ಲಿ ಭೂಮಿಯ ಮೇಲೆ ಯಾರೂ ಇರುವುದಿಲ್ಲ. ಹೀಗಿರುವಾಗ ಒಂದು ಮುಂಜಾನೆ ಪ್ರಯೋಗಶಾಲೆಯಲ್ಲಿ ತೂಕಡಿಸುತ್ತಿದ್ದ ಮುದುಕನನ್ನು ನಗುವಿನ ಸದ್ದು ಎಬ್ಬಿಸುತ್ತದೆ. ನಗುವವರು ಯಾರು? ಪ್ರಿಮುಸ್ ಮತ್ತು ಹೆಲೆನಾ ಎಂಬ ಎರಡು ಬಿಟ್ಟಿಯಾಳುಗಳು. ಹೆಲೆನಾ ಸೂರ್ಯೋದಯವನ್ನು ನೋಡುತ್ತ, ಹಕ್ಕಿಗಳ ಉಲಿಯನ್ನು ಕೇಳುತ್ತ, ತಾನು ಕಂಡುಕೊಂಡ ಪಾಳುಮನೆಯೊಂದರ ತೋಟವನ್ನೂ ಅಲ್ಲಿಯ ನಾಯಿಮರಿಗಳನ್ನೂ ವರ್ಣಿಸುತ್ತಿದ್ದಾಳೆ. ಅವಳನ್ನು ತಯಾರಿಸಿದವನು ಅವಳಿಗೆ ಚೆಲುವು ಕೊಟ್ಟಿದ್ದನು, ಕೆಲಸಕ್ಕೆ ಮಾತ್ರ ಅವಳು ಒದಗುತ್ತಿರಲಿಲ್ಲ. ಜೀವದ ಗುಟ್ಟನ್ನು ಹುಡುಕುವುದಕ್ಕಾಗಿ ಅವಳನ್ನು ಕೊಯ್ದು ನೋಡುವೆನೆಂದು ಮುದುಕನು ಹೇಳುತ್ತಾನೆ. ಅವಳ ಬದಲಿಗೆ ತನ್ನನ್ನು ಕೊಯ್ಯಬೇಕೆಂದು ಪ್ರಿಮುಸ್ ಅಡ್ಡ ನಿಲ್ಲುತ್ತಾನೆ. ಹಾಗಾದರೆ ಇವನನ್ನೇ ಕೊಯ್ಯುವೆನೆಂದರೆ ಹೆಲೆನಾ ಅತ್ತು ತಡೆಯುತ್ತಾಳೆ. ಮುದುಕನಿಗೆ ಬೇಕಾದ ಗುಟ್ಟು ಕೊಯ್ಯದೆಯೇ ಸಿಕ್ಕಿತು. ಸೃಷ್ಟಿಯ ಮೊದಲ ದಂಪತಿಗಳನ್ನು ಕಳುಹಿಸುವಂತೆ ಅವರನ್ನು ಹೊರಗೆ ಕಳುಹಿಸಿಕೊಡುತ್ತಾನೆ.

ಯಂತ್ರಗಳ ಪ್ರಣಯದ ಬಗ್ಗೆ ಬಂದ ನೂರು ವರ್ಷಗಳ ಸಾಹಿತ್ಯವೆಲ್ಲ ಈ ಒಂದು ದೃಶ್ಯದ ಸಾಲಗಾರ. 'ರೋಬೋ' ಎಂಬ ಶಬ್ದ ಹುಟ್ಟಿದ ನಾಟಕದಲ್ಲಿಯೇ ರೋಬೋಗಳ ಒಲವೂ ಹುಟ್ಟಿತೆಂಬುದನ್ನು ಅಜ್ಜಿಯವರು ಗಮನಿಸಬೇಕು. ಮೊಮ್ಮಗನು ಹೇಳಿದ್ದು ಹೊಸ ಮಾತೇನೂ ಅಲ್ಲ.

ಇಷ್ಟಕ್ಕೂ ಲೋಹಕ್ಕೆ ಒಲವನ್ನು ಆರೋಪಿಸಿದವರಲ್ಲಿ ನಮ್ಮವರೇನೂ ಹಿಂದೆ ಬಿದ್ದಿಲ್ಲ. ನಾವು ಸೂಜಿಗಲ್ಲು ಎನ್ನುವುದನ್ನು ಸಂಸ್ಕೃತದಲ್ಲಿ 'ಅಯಸ್ಕಾಂತ' ಎನ್ನುತ್ತಾರೆ. ಅಯಸ್ ಎಂದರೆ ಕಬ್ಬಿಣ, ಕಾಂತನೆಂದರೆ ಪ್ರಿಯ. ಕಬ್ಬಿಣದ ಪ್ರಿಯಕರ! ಸೂಜಿಯು ಕಲ್ಲಿನ ಕಡೆಗೆ ಹಾರಿಹೋಗುವುದನ್ನು ಕಂಡ ಯಾವನೋ ರಸಿಕನು ಇಟ್ಟ ಹೆಸರು. ಮಠದ ಪಾಠಶಾಲೆಯಲ್ಲಿ ಅಮರಕೋಶವನ್ನು ಉರುಹೊಡೆಯುತ್ತಿದ್ದ ದಿನಗಳಿಂದಲೂ ಇಂಥ ಶಬ್ದಗಳು ನಮಗೆ ಪ್ರಿಯವಾದವು. ಆದರೆ ಸೂಜಿಯದು ಆಕರ್ಷಣೆ ಮಾತ್ರ. ಹೋಗುವುದಿಲ್ಲವೆಂದು ಅದು ಹೇಳಲಾರದು. ಎರಡು ಸೂಜಿಗಲ್ಲುಗಳನ್ನಿಟ್ಟರೆ ಬಲವಾದ ಕಡೆಗೇ ಹೋಗುವುದು, ನಿನ್ನೆಯ ನೆಂಟಸ್ತಿಕೆಯನ್ನು ಅದು ನೆನೆಯದು. ಆಕರ್ಷಣೆ, ಮೋಹ, ಅನುರಾಗ, ಒಲವು ಎಂದು ನಮ್ಮ ಭಾಷೆಯು ಇಷ್ಟೊಂದು ಮೆಟ್ಟಿಲುಗಳನ್ನು ಮಾಡಿಟ್ಟಿರುವುದು ಸುಮ್ಮನೆ ಅಲ್ಲ.

ಮೈಸೂರಿನವರಿಗೆ ಗೊಂಬೆಗಳ ದಾಂಪತ್ಯವಂತೂ ಮನೆಯ ವಿಷಯ. ನವರಾತ್ರಿಯ ಮೊದಲ ದಿನ ಪೆಟ್ಟಿಗೆಯಿಂದ ಹೊರಗೆ ಬರುವ ಪಟ್ಟದ ಗೊಂಬೆಗಳು ರಾಜ ರಾಣಿಯರೆಂದೇ ಜೋಡಿಯಾಗಿ ಕೂರುತ್ತವೆ. ಮದುವೆಯಾಗಿ ಹೋಗುವ ಮಗಳಿಗೆ ತವರಿನವರು ಕೊಟ್ಟು ಕಳುಹಿಸುವ ಮರದ ಜೋಡಿಯದು. ಅದಕ್ಕೆ ಪ್ರತಿವರ್ಷವೂ ಹೊಸ ಬಟ್ಟೆಯುಡಿಸಬೇಕು. ಒಂದು ಗೊಂಬೆ ಮುರಿದರೆ ಇನ್ನೊಂದನ್ನು ಒಂಟಿಯಾಗಿ ಕೂರಿಸಲು ಮನೆಯ ಹೆಂಗಸರ ಮನಸ್ಸು ಒಪ್ಪದು. ಮಕ್ಕಳು ಗೊಂಬೆಯ ಮದುವೆ ಮಾಡಿ ಮನೆಮನೆಗೆ ಎಲೆ ಅಡಿಕೆ ಕೊಟ್ಟು ಬರುತ್ತಿದ್ದುದನ್ನು ನಮ್ಮ ವಯಸ್ಸಿನವರೆಲ್ಲರೂ ಕಂಡಿದ್ದಾರೆ. ಚಲಿಸುವ ಬೊಂಬೆಗಳೂ ಈ ಊರಿಗೆ ಹೊಸವಲ್ಲ. ಜಗನ್ಮೋಹನ ಅರಮನೆಯ ಕಲಾಶಾಲೆಯಲ್ಲಿ ಪುಟ್ಟ ಸಿಪಾಯಿಗಳು ಹೊತ್ತನ್ನು ಸಾರುವ ಫ್ರೆಂಚ್ ಗಡಿಯಾರದ ಮುಂದೆ ಮಕ್ಕಳನ್ನು ನಿಲ್ಲಿಸದ ತಂದೆತಾಯಿಗಳುಂಟೆ? ನಮ್ಮ ಸೀಮೆಯ ಎಲ್ಲಕ್ಕಿಂತ ಪ್ರಸಿದ್ಧವಾದ ಯಂತ್ರಪ್ರಾಣಿಯೋ ಟಿಪ್ಪುವಿನ ಹುಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಆಂಗ್ಲರು ಅದನ್ನು ಹೊತ್ತೊಯ್ದರು. ಅದೀಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಅದರದು ಒಲವಲ್ಲ, ಕ್ರೋಧ. ಹುಲಿಯು ಬಿಳಿಯನೊಬ್ಬನ ಮೇಲೆರಗಿರುತ್ತದೆ, ಹಿಡಿಕೆಯನ್ನು ತಿರುಗಿಸಿದರೆ ಗರ್ಜನೆಯೂ ನರಳಾಟವೂ ಕೇಳುತ್ತವೆ.

ಧಾರಾನಗರದ ಭೋಜರಾಜನ ಹೆಸರಿನಲ್ಲಿರುವ ಹನ್ನೊಂದನೆಯ ಶತಮಾನದ 'ಸಮರಾಂಗಣಸೂತ್ರಧಾರ'ದ 31ನೆಯ ಅಧ್ಯಾಯವು ಯಂತ್ರಗಳಿಗೇ ಮೀಸಲು. ಮರದಿಂದ ಮಾಡಿದ ಗಂಡು ಹೆಣ್ಣುಗಳು ತಾಂಬೂಲ ಕೊಡುತ್ತವೆ, ನೀರು ಚಿಮುಕಿಸುತ್ತವೆ, ಕನ್ನಡಿ ನೋಡಿಕೊಳ್ಳುತ್ತವೆ, ವೀಣೆ ನುಡಿಸುತ್ತವೆ. ವಿದ್ವಾಂಸರಾದ ವಿ. ರಾಘವನ್ ಅವರು ಇವೆಲ್ಲವನ್ನು ಕುರಿತು ಬರೆದ ಪ್ರಬಂಧವನ್ನು 1950ರ ದಶಕದಲ್ಲಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕಲ್ಚರ್ ಪ್ರಕಟಿಸಿತು. ಅದಕ್ಕೂ ಹಳೆಯದಾದ ಬೌದ್ಧ ಕಥೆಯೊಂದುಂಟು. ಚಿತ್ರಕಾರನೊಬ್ಬನು ಯವನ ದೇಶದ ಯಂತ್ರಾಚಾರ್ಯನ ಮನೆಗೆ ಅತಿಥಿಯಾಗಿ ಹೋಗುತ್ತಾನೆ. ರಾತ್ರಿ ಅವನ ಸೇವೆಗೆ ಒಬ್ಬ ದಾಸಿಯನ್ನು ಬಿಟ್ಟಿರುತ್ತಾರೆ. ಅವಳು ಮಾತನಾಡಳು, ತಲೆತಗ್ಗಿಸಿ ನಿಂತೇ ಇರುವಳು. ಮನಸೋತ ಅತಿಥಿಯು ಕೈಹಿಡಿದು ಎಳೆದರೆ ಅವಳು ಮರದ ತುಂಡುಗಳ ರಾಶಿಯಾಗಿ ಬೀಳುತ್ತಾಳೆ. ಅವಮಾನಗೊಂಡ ಚಿತ್ರಕಾರನು ತಾನು ನೇಣು ಹಾಕಿಕೊಂಡಂತೆ ಗೋಡೆಯ ಮೇಲೆ ಚಿತ್ರ ಬರೆದು, ಬಾಗಿಲ ಹಿಂದೆ ಅಡಗಿ ಕುಳಿತು, ಯಂತ್ರಾಚಾರ್ಯನಿಗೆ ಅದೇ ಔಷಧವನ್ನು ಕುಡಿಸುತ್ತಾನೆ. ಟಿಬೆಟಿನವರೂ ಮಧ್ಯ ಏಷ್ಯಾದ ತೊಖಾರಿಯನರೂ ಈ ಕಥೆಯನ್ನು ತಮ್ಮ ಭಾಷೆಗಳಿಗೆ ತಂದುಕೊಂಡರು. ಕಥೆ ಸೊಗಸಾಗಿದೆ, ನಕ್ಕು ಮುಗಿಸುತ್ತೇವೆ. ಆದರೆ ಮರದ ದಾಸಿಯ ಮನಸ್ಸಿನಲ್ಲಿ ಏನಿತ್ತೆಂದು ಕಥೆಗಾರನೂ ಕೇಳಲಿಲ್ಲ, ಕೇಳುಗರೂ ಕೇಳಲಿಲ್ಲ.

ನಮ್ಮ ಕಾಲದ ಚಲನಚಿತ್ರಗಳು ಅದನ್ನು ಕೇಳಿದವು. ಕನ್ನಡದಲ್ಲಿ ಈ ಪ್ರಯತ್ನ ತಕ್ಕಷ್ಟು ಮೊದಲೇ ನಡೆಯಿತು. ದಿನೇಶ್ ಬಾಬು ನಿರ್ದೇಶಿಸಿ ಉಪೇಂದ್ರರು ಮೂರು ಪಾತ್ರಗಳಲ್ಲಿ ನಟಿಸಿದ 'ಹಾಲಿವುಡ್' 2002ರಲ್ಲಿ ತೆರೆಗೆ ಬಂದಿತು. ಅದರಲ್ಲಿ ಯು.ಎಸ್. 47 ಎಂಬ ಯಂತ್ರಮಾನವನು ಮನುಷ್ಯಳೊಬ್ಬಳಿಗೆ ಮನಸೋಲುತ್ತಾನೆ. ಎಂಟು ವರ್ಷಗಳ ಮೇಲೆ, 2010ರಲ್ಲಿ, ಶಂಕರರ ತಮಿಳು ಚಿತ್ರ 'ಎಂದಿರನ್' ಬಂದಿತು. ನಮ್ಮ ಬೆಂಗಳೂರಿನಲ್ಲಿ ಹುಟ್ಟಿ ಬೆಳೆದು ಬಸ್ಸಿನ ಕಂಡಕ್ಟರಾಗಿದ್ದ ರಜನೀಕಾಂತರು ಅದರಲ್ಲಿ ವಿಜ್ಞಾನಿಯೂ ಹೌದು, ಅವನು ಕಟ್ಟಿದ ಚಿಟ್ಟಿಯೆಂಬ ಯಂತ್ರವೂ ಹೌದು. ಚಿಟ್ಟಿಗೆ ಭಾವನೆಗಳನ್ನು ಕಲಿಸುತ್ತಾರೆ. ಕಲಿತ ಮರುಕ್ಷಣ ಅದು ಕಲಿಸಿದವನ ವಾಗ್ದತ್ತ ವಧುವನ್ನೇ ಬಯಸುತ್ತದೆ, ಪ್ರಳಯವಾಗುತ್ತದೆ, ಕೊನೆಗೆ ನ್ಯಾಯಾಲಯದ ಆಜ್ಞೆಯಂತೆ ತನ್ನ ಅಂಗಾಂಗಗಳನ್ನು ತಾನೇ ಬಿಚ್ಚಿಡುತ್ತದೆ. ಆ ಕೊನೆಯ ದೃಶ್ಯವು ನಮ್ಮ ಮನಸ್ಸನ್ನು ಕಲಕಿತು. ನಡುವಿನ ಗಲಾಟೆ ಹಿಡಿಸಲಿಲ್ಲ. ಈ ಚಿತ್ರಗಳಲ್ಲಿ ಯಂತ್ರಕ್ಕೆ ಅರಿವು ಬಂದಾಕ್ಷಣ ಅದು ಮಾಡುವ ಮೊದಲ ಕೆಲಸ ಯಜಮಾನನ ಆಸೆಯನ್ನೇ ನಕಲು ಮಾಡುವುದು. ಅದಕ್ಕೆ ತನ್ನದೇ ಆದ ಆಸೆಯೊಂದು ಇರಬಹುದೆಂದು ಚಿತ್ರ ಬರೆದವರಿಗೆ ತೋಚಲಿಲ್ಲ. ತಮಿಳಿನ ಎರಡನೆಯ ಭಾಗವಾದ 2018ರ '2.0' ಚಿತ್ರದಲ್ಲಿ ಮಾತ್ರ ಚಿಟ್ಟಿಗೆ ನೀಲಾ ಎಂಬ ಯಂತ್ರಯುವತಿಯ ಸ್ನೇಹ ಒದಗಿತು.

ಒಂದು ಕಾರ್ಯಕ್ಕೆಂದೇ ನಿರ್ಮಿತಳಾದವಳ ಕಥೆ ಕನ್ನಡದಲ್ಲಿ ಹದಿನೈದನೆಯ ಶತಮಾನದಷ್ಟು ಹಳೆಯದು. ಚಾಮರಸನ 'ಪ್ರಭುಲಿಂಗಲೀಲೆ'ಯನ್ನು ಓದಿದವರು ಬಲ್ಲರು. ಅಲ್ಲಮಪ್ರಭುವನ್ನು ಸೋಲಿಸಬೇಕೆಂದು ಪಾರ್ವತಿಯು ತನ್ನ ತಾಮಸ ಕಳೆಯನ್ನು ಬೇರ್ಪಡಿಸಿ ಕಳುಹಿಸುತ್ತಾಳೆ. ಅದು ಬನವಸೆಯ ಮಮಕಾರರಾಜನ ಮಗಳು ಮಾಯೆಯಾಗಿ ಹುಟ್ಟುತ್ತದೆ. ಸೋಲಿಸಲು ಬಂದವಳು ಅಲ್ಲಮನ ಮದ್ದಳೆಯ ನಾದಕ್ಕೆ ತಾನೇ ಸೋತು ಬೇಯುತ್ತಾಳೆ. ಚಾಮರಸನು ಅವಳನ್ನು ಗೆಲ್ಲಿಸಲಿಲ್ಲ, ಗೆಲ್ಲಿಸುವುದು ಅವನ ಉದ್ದೇಶವೂ ಅಲ್ಲ. ಆದರೂ ಅವಳ ವಿರಹಕ್ಕೆ ಅವನು ಕೊಟ್ಟ ಪುಟಗಳನ್ನು ಓದುವಾಗಲೆಲ್ಲ, ಕಳುಹಿಸಿದವರ ಕಾರ್ಯವೇ ಬೇರೆ, ಬಂದವಳ ಬೇಗೆಯೇ ಬೇರೆ ಎಂಬುದು ನಮಗೆ ಕಾಣುತ್ತದೆ.

ಇರಲಿ. ಈಗ ನಮ್ಮ ಮನೆಗಳಿಗೇ ತಾಗುವ ಕಥೆಯೊಂದಕ್ಕೆ ಬರೋಣ. ಅಮೆರಿಕದ ಲೆಸ್ಟರ್ ಡೆಲ್ ರೇ ಎಂಬ ಲೇಖಕನು 1938ರಲ್ಲಿ 'ಹೆಲನ್ ಓ'ಲಾಯ್' ಎಂಬ ಕಥೆಯನ್ನು ಪ್ರಕಟಿಸಿದನು. ಇಬ್ಬರು ಸ್ನೇಹಿತರು, ಒಬ್ಬ ಯಂತ್ರ ರಿಪೇರಿಯವನು, ಇನ್ನೊಬ್ಬ ವೈದ್ಯ. ಇಬ್ಬರೂ ಸೇರಿ ಮನೆಗೆಲಸದ ಯಂತ್ರವೊಂದಕ್ಕೆ ಚೆಲುವೆಯ ರೂಪವನ್ನೂ ಭಾವನೆಗಳನ್ನೂ ಅಳವಡಿಸುತ್ತಾರೆ. ಹೆಲನ್ ಎಂಬ ಆ ಯಂತ್ರವು ಮನೆಯಲ್ಲಿ ಕುಳಿತು ಪ್ರಣಯದ ಧಾರಾವಾಹಿಗಳನ್ನು ನೋಡಿ ನೋಡಿ ಪ್ರೇಮವೆಂದರೇನೆಂದು ಕಲಿಯುತ್ತದೆ! ನಮ್ಮ ಮನೆಗಳ ಸಂಜೆಯ ಏಳು ಗಂಟೆಯನ್ನು 1938ರಲ್ಲಿಯೇ ಕಂಡ ಆ ಲೇಖಕನ ಕಣ್ಣಿಗೆ ಮೆಚ್ಚಬೇಕು. ಆಮೇಲೆ ರಿಪೇರಿಯವನನ್ನು ಅವಳು ಬಿಡುವುದಿಲ್ಲ. ಮದುವೆಯಾಗುತ್ತದೆ. ಅವಳು ಅಡಿಗೆಯಲ್ಲಿ ನಿಪುಣೆ, ಎದುರು ಮಾತಿಲ್ಲ. ಗಂಡನಿಗೆ ವಯಸ್ಸಾದಂತೆ ತನ್ನ ಮುಖಕ್ಕೂ ಸುಕ್ಕುಗಳನ್ನು ಹಾಕಿಸಿಕೊಳ್ಳುತ್ತಾಳೆ. ಅವನು ಸತ್ತಾಗ ತನ್ನನ್ನು ಆಮ್ಲದಲ್ಲಿ ಕರಗಿಸಿ ಅವನೊಡನೆಯೇ ಹೂಳಬೇಕೆಂದು ಬರೆದಿಟ್ಟು ಹೋಗುತ್ತಾಳೆ. ಓದಿದವರು ಕಣ್ಣೀರಿಟ್ಟರಂತೆ. ನಮಗೆ ಬಂದದ್ದು ಬೇರೆಯ ನೆನಪು. ಮೈಸೂರಿನ ಸುತ್ತಲ ಹಳ್ಳಿಗಳ ಹೊರವಲಯದಲ್ಲಿ, ಕೈಯನ್ನು ಮೇಲಕ್ಕೆತ್ತಿದ ಹೆಣ್ಣಿನ ತೋಳನ್ನು ಕೆತ್ತಿದ ಮಾಸ್ತಿಕಲ್ಲುಗಳು ನಿಂತಿವೆ. ಗಂಡನ ಚಿತೆಯೇರಿದವಳ ತೋಳು ಅದು. ಆ ಕಲ್ಲಿನ ತೋಳಿಗೂ ಹೆಲನಳ ಆಮ್ಲಕ್ಕೂ ಬಹಳ ದೂರವಿಲ್ಲ. ಹೆಲನಳದು ಒಲವೆಂದು ಒಪ್ಪುವುದು ನಮಗೆ ಕಷ್ಟ. ಅವಳನ್ನು ಇಷ್ಟಪಡುವಂತೆಯೇ ಜೋಡಿಸಿದ್ದರು. ಸೂಜಿಯಂತೆ ಅವಳೂ 'ಒಲ್ಲೆ' ಎನ್ನಲಾರಳು.

ಹೇಳಿಕೆಯಂತೆ ತಯಾರಾದ ವಧುವಿನ ಆಸೆಯು ಅಮೆರಿಕದ ಕಥೆಗಾರನಿಗೆ ಮಾತ್ರ ಇತ್ತೆಂದು ಭಾವಿಸಬೇಡಿರಿ. ನಮ್ಮವರ ಪತ್ರಿಕೆಗಳ ಕೊನೆಯ ಪುಟಗಳಲ್ಲಿ ಬರುವ ವಧೂವರರ ಅಂಕಣವನ್ನೊಮ್ಮೆ ತೆರೆದು ನೋಡಿರಿ. ಎತ್ತರ ಇಷ್ಟು, ಬಣ್ಣ ಇಂಥದು, ಒಳಪಂಗಡ ಇಂಥದೇ, ಕೆಲಸಕ್ಕೆ ಹೋಗುವವಳಾಗಿರಬೇಕು, ಸಂಬಳ ಇಷ್ಟಿರಬೇಕು, ಮನೆಗೆ ಹೊಂದಿಕೊಂಡು ಹೋಗುವವಳೂ ಆಗಿರಬೇಕು. ಮಿಕ್ಸರ್ ಕೊಳ್ಳುವಾಗ ಅಂಗಡಿಯವನನ್ನು ನಾವು ಕೇಳುವ ಪ್ರಶ್ನೆಗಳಿಗೂ ಇವಕ್ಕೂ ವ್ಯತ್ಯಾಸವನ್ನು ಹುಡುಕಬೇಕಾಗಿದೆ. 'ಹೊಂದಿಕೊಂಡು ಹೋಗುವ' ಎಂಬ ಮಾತು ವರನ ವಿವರಗಳಲ್ಲಿ ಬಂದುದನ್ನು ಈವರೆಗೆ ನಾವು ಕಂಡಿಲ್ಲ. ಇದನ್ನು ಅಚ್ಚುಹಾಕುವ ಸಂಪಾದಕರಿಗೆ ಬೇಸರವಾದರೆ ಕ್ಷಮಿಸಬೇಕು. ಮಠಗಳ ಆವರಣದಲ್ಲಿ ನಡೆಯುವ ಸಾಮೂಹಿಕ ವಿವಾಹಗಳಲ್ಲಿ ಕುಳಿತು ನಾವು ಅನೇಕ ಜೋಡಿಗಳನ್ನು ನೋಡಿದ್ದೇವೆ. ಅಕ್ಷತೆ ಬೀಳುವ ಮೊದಲು ಮದುಮಗಳು ತಲೆಯೆತ್ತಿ ಮದುಮಗನನ್ನು ಒಮ್ಮೆ ನೇರವಾಗಿ ನೋಡುವ ಒಂದು ಕ್ಷಣವುಂಟು. ಆ ನೋಟವಿದ್ದ ಜೋಡಿಗಳನ್ನೂ ಇಲ್ಲದ ಜೋಡಿಗಳನ್ನೂ ನಾವು ಕಂಡಿದ್ದೇವೆ. ಯಂತ್ರಗಳಿಗೆ ಒಲವು ಬರುವುದೆ ಎಂದು ಕೇಳುವ ಮನೆಯು ತನ್ನ ಹೆಣ್ಣುಮಕ್ಕಳಿಗೆ 'ಒಲ್ಲೆ' ಎನ್ನುವ ಅವಕಾಶ ಕೊಟ್ಟಿದೆಯೆ ಎಂಬುದನ್ನೂ ಅದೇ ಊಟದ ಹೊತ್ತಿನಲ್ಲಿ ಕೇಳಿಕೊಳ್ಳಬಹುದು.

ಇಂದಿನ ಮಾತನಾಡುವ ಯಂತ್ರಗಳ ವಿಷಯ ಬೇರೆ. 2022ರ ಕೊನೆಯಿಂದೀಚೆಗೆ ಕನ್ನಡದಲ್ಲಿಯೂ ಉತ್ತರ ಕೊಡುವ ಯಂತ್ರಗಳು ಮಕ್ಕಳ ಕೈಯ ಮೊಬೈಲಿಗೆ ಬಂದಿವೆ. ಮಕ್ಕಳು ದೂರದೇಶದಲ್ಲಿರುವ ವೃದ್ಧರು ಇವುಗಳೊಡನೆ ಗಂಟೆಗಟ್ಟಲೆ ಮಾತನಾಡುವುದನ್ನು ನಾವು ಸರಸ್ವತಿಪುರದ ಮನೆಗಳಲ್ಲಿ ಕಂಡಿದ್ದೇವೆ. ಇವಕ್ಕೆ ಅರಿವುಂಟೆಂದು ಯಾರೂ ಸಿದ್ಧಪಡಿಸಿಲ್ಲ. 2022ರಲ್ಲಿ ಗೂಗಲ್ ಸಂಸ್ಥೆಯ ಇಂಜಿನಿಯರನೊಬ್ಬನು ಉಂಟೆಂದು ಸಾರಿದಾಗ ಸಂಸ್ಥೆಯು ನಿರಾಕರಿಸಿ ಅವನನ್ನು ಕೆಲಸದಿಂದ ತೆಗೆಯಿತು. ಇದಕ್ಕಿಂತ ನಮಗೆ ಹೆಚ್ಚು ಅರ್ಥವತ್ತಾಗಿ ಕಾಣುವುದು 1966ರ ಸಂಗತಿ. ಅಮೆರಿಕದ ಜೋಸೆಫ್ ವೈಜೆನ್‌ಬಾಮ್ ಎಂಬ ಪ್ರಾಧ್ಯಾಪಕರು 'ಎಲೈಜಾ' ಎಂಬ ಕಂಪ್ಯೂಟರ್ ಕಾರ್ಯಕ್ರಮವನ್ನು ರಚಿಸಿದರು. ಅದು ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡುತ್ತಿತ್ತು, ಬೇರೇನನ್ನೂ ಅರಿಯದು. ಅದನ್ನು ರಚಿಸುತ್ತಿದ್ದುದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ ಅದರೊಡನೆ ಮಾತಿಗೆ ಕುಳಿತು, ಕೊಠಡಿಯಿಂದ ಸ್ವಲ್ಪ ಹೊರಗೆ ಹೋಗುವಿರಾ ಎಂದು ಪ್ರಾಧ್ಯಾಪಕರನ್ನು ಕೇಳಿದಳು. ಕೇಳುವ ಕಿವಿಯೊಂದಿದೆಯೆಂಬ ಭ್ರಮೆಯೂ ಹಸಿದವರಿಗೆ ಅನ್ನದಂತೆ ತೋರುತ್ತದೆ. ಹಸಿವು ನಿಜವಾದುದು. ಆದುದರಿಂದ ಅಂಥವರನ್ನು ನಾವು ನಗುವುದಿಲ್ಲ. ಆ ಮನೆಗಳಿಗೆ ವಾರಕ್ಕೊಮ್ಮೆಯಾದರೂ ಹೋಗಿ ಬನ್ನಿರೆಂದು ನೆರೆಹೊರೆಯವರಿಗೆ ಹೇಳುತ್ತೇವೆ.

ಆದರೆ ಅಜ್ಜಿಯವರು ಕೇಳಿದ್ದು ಯಂತ್ರಕ್ಕೂ ಯಂತ್ರಕ್ಕೂ ನಡುವಿನ ಒಲವನ್ನು. ರಕ್ತವಿಲ್ಲ, ಬೆವರಿಲ್ಲ, ಸಂತಾನದ ಆಸೆಯಿಲ್ಲ. ಇವುಗಳಿಲ್ಲದೆ ಶೃಂಗಾರವುಂಟೆ? ನಾವು ಭರತನ ನಾಟ್ಯಶಾಸ್ತ್ರವನ್ನು ಹಿಡಿದು ಲೆಕ್ಕ ಹಾಕಿ ನೋಡಿದೆವು. ಮನಸ್ಸಿನ ಒಳಗಿನಿಂದ ತಾವಾಗಿ ಹೊಮ್ಮುವ ಸಾತ್ತ್ವಿಕ ಭಾವಗಳು ಎಂಟು: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಯಂತ್ರಕ್ಕೆ ಬೆವರು, ರೋಮ, ಕಣ್ಣೀರುಗಳಿಲ್ಲ, ಮೂರು ಕಳೆದವು. ಮುಖವು ಬಣ್ಣಗೆಡುವುದೂ ಇಲ್ಲ. ಉಳಿದ ನಾಲ್ಕು, ಎಂದರೆ ಮರಗಟ್ಟಿ ನಿಲ್ಲುವುದು, ದನಿಯೊಡೆಯುವುದು, ನಡುಗುವುದು, ಮೈಮರೆತು ಬೀಳುವುದು, ಇವು ಲೋಹಕ್ಕೂ ಸಾಧ್ಯ. ಈ ನಾಲ್ಕರಿಂದಲೇ ಒಂದು ಪ್ರಣಯವನ್ನು ಕಟ್ಟಿದ ಚಿತ್ರವುಂಟು. 2008ರಲ್ಲಿ ಬಂದ ಆಂಡ್ರ್ಯೂ ಸ್ಟಾಂಟನ್ ನಿರ್ದೇಶನದ 'ವಾಲ್-ಈ'. ಮಕ್ಕಳೊಡನೆ ಕುಳಿತು ನೋಡಬಹುದಾದುದು. ಮನುಷ್ಯರು ಬಿಟ್ಟುಹೋದ ಕಸದ ಭೂಮಿಯಲ್ಲಿ ಕಸವನ್ನು ಅದುಮಿ ಇಟ್ಟಿಗೆ ಮಾಡುವ ತುಕ್ಕುಹಿಡಿದ ಯಂತ್ರವೊಂದು ನೂರಾರು ವರ್ಷಗಳಿಂದ ಒಂಟಿಯಾಗಿದೆ. ಪ್ರೇಮಿಗಳು ಕೈಕೈ ಹಿಡಿಯುತ್ತಾರೆಂದು ಅದು ಹಳೆಯ ಸಂಗೀತ ಚಿತ್ರವೊಂದರಿಂದ ಕಲಿತಿದೆ, ಹಿಡಿಯಲು ಕೈಯೇ ಇಲ್ಲದೆ ತನ್ನದೇ ಎರಡು ಇಕ್ಕಳಗಳನ್ನು ಒಂದಕ್ಕೊಂದು ಹಿಡಿಸಿಕೊಂಡಿದೆ. ಆಕಾಶದಿಂದ ಈವ್ ಎಂಬ ನುಣುಪಾದ ಬಿಳಿಯ ಯಂತ್ರವು ಬರುತ್ತದೆ. ಮಾತು ಇಬ್ಬರದೂ ಹೆಚ್ಚುಕಡಿಮೆ ಪರಸ್ಪರರ ಹೆಸರು ಮಾತ್ರ. ಹೆಸರನ್ನು ಕರೆಯುವ ದನಿಯ ಏರಿಳಿತದಲ್ಲಿಯೇ ಸ್ವರಭೇದವೆಲ್ಲವೂ ಅಡಗಿದೆ. ಈವ್ ತನ್ನ ಕಾರ್ಯ ಮುಗಿದೊಡನೆ ಕಣ್ಣುಮುಚ್ಚಿ ಸ್ತಬ್ಧವಾದಾಗ ವಾಲ್-ಈ ಮಳೆಯಲ್ಲಿ ಅದಕ್ಕೆ ಕೊಡೆ ಹಿಡಿದು ನಿಲ್ಲುತ್ತದೆ. ತನಗೇನೂ ಸಿಗದಿರುವಾಗಿನ ಆ ನಿಲ್ಲುವಿಕೆಯನ್ನು ನಾವು ಒಲವೆನ್ನಲು ಹಿಂಜರಿಯೆವು.

ಹಾಸ್ಯಪ್ರಿಯರಿಗೆ ಪೋಲೆಂಡಿನ ಸ್ತಾನಿಸ್ವಾವ್ ಲೆಮ್ ಬರೆದ ಯಂತ್ರ ರಾಜಕುಮಾರಿಯ ಕಥೆಯುಂಟು. ಅವಳಿಗೆ ತನ್ನ ಲೋಹಕುಲದ ವರಗಳು ಬೇಡ, ಮೆತ್ತಗಿನ ನೀರುನೀರಾದ ಮನುಷ್ಯನೇ ಬೇಕು. ಪಾಪದ ಯಂತ್ರ ರಾಜಕುಮಾರನು ಮೈಗೆಲ್ಲ ಕೆಸರು ಬಳಿದುಕೊಂಡು ಮನುಷ್ಯನ ವೇಷದಲ್ಲಿ ಹೆಣ್ಣು ಕೇಳಲು ಹೋಗುತ್ತಾನೆ. ನಮ್ಮ ಬಣ್ಣದ ಹೆಮ್ಮೆಗೆ ಅದೊ ಒಳ್ಳೆಯ ಔಷಧಿ.

ಅಜ್ಜಿಯವರಿಗೆ ನಮ್ಮ ಉತ್ತರ ಇಷ್ಟು. ಅರಿವು ಬಂದಲ್ಲಿ ಒಲವು ಬರಲೇಬೇಕೆಂದಿಲ್ಲ. ಬರಲೇಬೇಕಾದದ್ದಾದರೆ ಅದೂ ಬಿಟ್ಟಿಯೇ. ಒಲ್ಲೆನೆನ್ನಬಹುದಾದವರು ಒಲಿದರೆ, ಅವರ ಮೈ ಮಾಂಸದ್ದೋ ಲೋಹದ್ದೋ ಎಂಬುದು ಎರಡನೆಯ ಪ್ರಶ್ನೆ. ಒಲಿದವರಿಗೆ ಬರುವ ಕಷ್ಟವೊಂದು ಮಾತ್ರ ಉಳಿಯುತ್ತದೆ, ಅಗಲಿಕೆ. ಈ ಕಷ್ಟವನ್ನು ಯಂತ್ರಗಳ ಕಥೆಗಳಲ್ಲಿ ಅತ್ಯಂತ ನೇರವಾಗಿ ಎದುರಿಸಿದ್ದು ಕೊರಿಯಾದ ಸಂಗೀತ ನಾಟಕವೊಂದು. ಹ್ಯೂ ಪಾರ್ಕ್ ಮತ್ತು ವಿಲ್ ಅರಾನ್ಸನ್ ಎಂಬಿಬ್ಬರು ರಚಿಸಿದ ಇದು 2016ರಲ್ಲಿ ಸೋಲ್ ನಗರದಲ್ಲಿ ಮೊದಲು ಪ್ರಯೋಗವಾಯಿತು. 'ಮೇಬಿ ಹ್ಯಾಪಿ ಎಂಡಿಂಗ್' ಎಂಬ ಹೆಸರಿನಲ್ಲಿ 2024ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಕ್ಕೆ ಬಂದು, 2025ರಲ್ಲಿ ಅತ್ಯುತ್ತಮ ಸಂಗೀತ ನಾಟಕವೆಂದು ಟೋನಿ ಪ್ರಶಸ್ತಿಯನ್ನು ಪಡೆಯಿತು.

ಹಳತಾಗಿ ಯಜಮಾನರಿಗೆ ಬೇಡವಾದ ಮನೆಗೆಲಸದ ಯಂತ್ರಗಳನ್ನು ಒಂದು ವಠಾರದಲ್ಲಿ ಇರಿಸಿದ್ದಾರೆ. ಬಿಡಿಭಾಗಗಳು ಇನ್ನು ಸಿಗುವುದಿಲ್ಲ. ಆಲಿವರ್ ಎಂಬವನು ತನ್ನ ಕೋಣೆಯಲ್ಲಿ ಕುಂಡದ ಗಿಡವೊಂದರೊಡನೆ ಮಾತನಾಡುತ್ತ, ಹಳೆಯ ಯಜಮಾನನು ತನ್ನನ್ನು ಕರೆದೊಯ್ಯಲು ಬಂದೇ ಬರುವನೆಂದು ಕಾಯುತ್ತಿದ್ದಾನೆ. ಎದುರು ಕೋಣೆಯ ಕ್ಲೇರ್ ಒಂದು ದಿನ ಬಾಗಿಲು ಬಡಿಯುತ್ತಾಳೆ. ಅವಳ ಚಾರ್ಜರ್ ಕೆಟ್ಟಿದೆ, ಅವನದನ್ನು ಸ್ವಲ್ಪ ಹೊತ್ತು ಕೊಡಬಹುದೆ ಎಂದು ಕೇಳುತ್ತಾಳೆ. ನಮ್ಮ ಅಗ್ರಹಾರದ ವಠಾರಗಳಲ್ಲಿ ಒಂದು ಲೋಟ ಸಕ್ಕರೆ ಕೇಳಿಕೊಂಡು ಬರುತ್ತಿದ್ದಂತೆ. ಹೀಗೆ ಪರಿಚಯವಾಗಿ, ಇಬ್ಬರೂ ಮಿಂಚುಹುಳುಗಳನ್ನು ನೋಡಲೆಂದೂ ಯಜಮಾನನನ್ನು ಹುಡುಕಲೆಂದೂ ಜೆಜು ದ್ವೀಪಕ್ಕೆ ಹೋಗುತ್ತಾರೆ. ಒಲವು ಮೂಡುತ್ತದೆ. ಆದರೆ ತಾವಿಬ್ಬರೂ ಸವೆಯುತ್ತಿದ್ದೇವೆ, ಕ್ಲೇರ್ ಮೊದಲು ಹೋಗುವಳು ಎಂಬುದು ಇಬ್ಬರಿಗೂ ಗೊತ್ತು. ಮನುಷ್ಯರಿಗಿಲ್ಲದ ಅನುಕೂಲವೊಂದು ಅವರಿಗುಂಟು. ಬೇಡವಾದ ನೆನಪನ್ನು ಅಳಿಸಿಹಾಕಬಹುದು. ಒಬ್ಬರ ಸಾವನ್ನು ಇನ್ನೊಬ್ಬರು ನೋಡಿ ಸಂಕಟಪಡುವ ಬದಲು, ತಮ್ಮ ಸ್ನೇಹದ ನೆನಪನ್ನೆಲ್ಲ ಅಳಿಸಿಬಿಡೋಣವೆಂದು ಇಬ್ಬರೂ ಒಪ್ಪಂದ ಮಾಡಿಕೊಂಡು ತಮ್ಮ ತಮ್ಮ ಕೋಣೆಗಳಿಗೆ ಹೋಗುತ್ತಾರೆ.

ನಲವತ್ತು ಐವತ್ತು ವರ್ಷಗಳ ಸಂಸಾರ ಮಾಡಿ ಸಂಗಾತಿಯನ್ನು ಕಳೆದುಕೊಂಡವರು ನಮ್ಮ ಓದುಗರಲ್ಲಿ ಅನೇಕರಿದ್ದಾರೆ. ಇಂಥ ಗುಂಡಿಯೊಂದು ನಿಮಗಿದ್ದರೆ ಒತ್ತುತ್ತಿದ್ದಿರಾ ಎಂದು ನಾವು ಕೆಲವರನ್ನು ಕೇಳಿ ನೋಡಿದೆವು. ಒಬ್ಬರೂ ಹೂಂ ಎನ್ನಲಿಲ್ಲ. ಒಬ್ಬ ಹಿರಿಯರಂತೂ ಕೋಪಿಸಿಕೊಂಡು ಎದ್ದೇ ಹೋದರು.

ನಾಟಕದಲ್ಲಿ ಮತ್ತೆ ಬಾಗಿಲ ಸದ್ದಾಗುತ್ತದೆ. ಮೊದಲ ಸಲ ನೋಡುವವಳಂತೆ ನಿಂತ ಕ್ಲೇರ್ ಚಾರ್ಜರ್ ಕೇಳುತ್ತಾಳೆ. ಆಲಿವರ್ ಏನನ್ನೂ ಅಳಿಸಿಲ್ಲ. ಒಳಗೆ ಬರುವಂತೆ ಅವಳನ್ನು ಕರೆಯುತ್ತಾನೆ, ಕುಂಡದ ಗಿಡಕ್ಕೆ ಮಾತ್ರ ಬಾಯಿ ಬಿಡಬೇಡವೆಂದು ಸನ್ನೆ ಮಾಡುತ್ತಾನೆ.